ತಪ್ಪು ಎಷ್ಟು ಅಂತ ಎಣಿಸಿದೆ, ಎಂಥದ್ದು ಅಂತ ನೋಡಲಿಲ್ಲ

ಮೆದುಳಿಗೆ ಪೆಟ್ಟು ಬಿದ್ದವರನ್ನು, ಲಕ್ವ ಹೊಡೆದವರನ್ನು ಎದುರಿಗೆ ಕೂರಿಸಿಕೊಂಡು ಪರೀಕ್ಷೆ ಮಾಡುವುದು ಆಸ್ಪತ್ರೆಯಲ್ಲಿ ನನ್ನ ಕೆಲಸ. ಸ್ಕ್ಯಾನ್ ಅಲ್ಲ. ಕಾರ್ಡು, ಪೆನ್ಸಿಲ್ಲು, ಸ್ಟಾಪ್‌ವಾಚು. ಹೊರಗೆ ಕಾಯುವವರು ನಮ್ಮದನ್ನು "ಕಾರ್ಡ್ ಆಡಿಸೋ ರೂಮು" ಅಂತಾರೆ. ತಪ್ಪೇನಿಲ್ಲ ಬಿಡಿ.

ಆ ಕಾರ್ಡಿನ ಪರೀಕ್ಷೆಯ ಹೆಸರು ವಿಸ್ಕಾನ್ಸಿನ್ ಕಾರ್ಡ್ ಸಾರ್ಟಿಂಗ್ ಟೆಸ್ಟ್. 1948ರಷ್ಟು ಹಳೆಯದು. ಮೇಜಿನ ಮೇಲೆ ನಾಲ್ಕು ಕಾರ್ಡು ಇರುತ್ತವೆ: ಒಂದು ಕೆಂಪು ತ್ರಿಕೋನ, ಎರಡು ಹಸಿರು ನಕ್ಷತ್ರ, ಮೂರು ಹಳದಿ ಕ್ರಾಸ್, ನಾಲ್ಕು ನೀಲಿ ವೃತ್ತ. ಕೈಗೆ ಕೊಡುವ ಪ್ರತಿ ಕಾರ್ಡನ್ನೂ ಇವುಗಳಲ್ಲಿ ಒಂದರ ಕೆಳಗೆ ಇಡಬೇಕು. ಯಾವ ಲೆಕ್ಕದಲ್ಲಿ ಅಂತ ನಾವು ಹೇಳುವುದಿಲ್ಲ. "ಸರಿ", "ತಪ್ಪು", ಅಷ್ಟೇ. ಮೊದಲು ಬಣ್ಣ ನೋಡಿ ಇಟ್ಟರೆ ಸರಿ. ಸತತವಾಗಿ 10 ಸರಿಯಾದ ಕೂಡಲೇ ಸದ್ದಿಲ್ಲದೆ ನಿಯಮ ಬದಲಿಸುತ್ತೇವೆ. ಈಗ ಆಕಾರ. ಆಮೇಲೆ ಎಣಿಕೆ. ಒಟ್ಟು 128 ಕಾರ್ಡು. ಒಂಥರಾ ಮೋಸದ ಆಟ. ಕೆಲವರು ಮುಖಕ್ಕೇ ಬೈದಿದ್ದಾರೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದೇ ವಾರ ಇಬ್ಬರು ಬಂದರು. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಒಬ್ಬರು ಬೈಕಿನಿಂದ ಬಿದ್ದು ಹಣೆಗೆ ಪೆಟ್ಟಾಗಿದ್ದ ಟೈಲರ್. ಇನ್ನೊಬ್ಬಳು ತಿಂಗಳುಗಟ್ಟಲೆ ಸರಿಯಾಗಿ ನಿದ್ದೆ ಮಾಡದ ಕಾಲೇಜು ಹುಡುಗಿ. ಇಬ್ಬರ ಒಟ್ಟು ತಪ್ಪು ಹೆಚ್ಚುಕಮ್ಮಿ ಒಂದೇ. ಎರಡು ವರದಿಯಲ್ಲೂ ಒಂದೇ ಸಾಲು ಬರೆದೆ: "ಬದಲಾವಣೆಗೆ ಹೊಂದಿಕೊಳ್ಳುವುದು ಕಷ್ಟ."

ನಮ್ಮ ಹಿರಿಯ ಮೇಡಂ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೇಳಿದರು: "ತಪ್ಪು ಎಷ್ಟು ಅಂತ ಬರ್ದಿದ್ದೀಯ. ಎಂಥ ತಪ್ಪಮ್ಮ?"

ಹಾಳೆಗಳನ್ನು ಮತ್ತೆ ತೆಗೆದೆ. ಹುಡುಗಿ ನಿಯಮ ಬದಲಾದ ಎರಡು ಮೂರು ಕಾರ್ಡಿಗೇ ಹೊಸದನ್ನು ಕಂಡುಹಿಡಿದಿದ್ದಳು. ಆದರೆ ಆರೇಳು ಸರಿ ಇಟ್ಟ ಮೇಲೆ ಕೈತಪ್ಪಿ ಹೋಗುತ್ತಿತ್ತು. ಟೈಲರದು ಉಲ್ಟಾ. ಬಣ್ಣ ಹಿಡಿದರು, 10 ಸರಿಯಾಯಿತು, ಆಮೇಲೆ ಬಿಡಲೇ ಇಲ್ಲ. "ತಪ್ಪು" ಅಂದೆ, ಬಣ್ಣ. ಮತ್ತೆ "ತಪ್ಪು" ಅಂದೆ, ಮತ್ತೆ ಬಣ್ಣ. ಅವಳಿಗೆ ಹಿಡಿದಿಟ್ಟುಕೊಳ್ಳಲು ಆಗುತ್ತಿಲ್ಲ, ಇವರಿಗೆ ಬಿಡಲು ಆಗುತ್ತಿಲ್ಲ. ನನ್ನ ಮೊತ್ತದಲ್ಲಿ ಇಬ್ಬರೂ ಒಂದೇ ಆಗಿಬಿಟ್ಟಿದ್ದರು.

ಇನ್ನೊಂದು ನೆನಪಾಗಿ ನಾಚಿಕೆಯಾಯಿತು. ಕಾರ್ಡು ಇಡುವಾಗ ಟೈಲರ್ "ಬಣ್ಣ ಅಲ್ಲ ಇದು, ಬಣ್ಣ ಅಲ್ಲ" ಅಂತ ಗೊಣಗುತ್ತಿದ್ದರು. ಕೈ ಮಾತ್ರ ಕೆಂಪಿನ ಕೆಳಗೆ ಕೆಂಪನ್ನೇ ಇಡುತ್ತಿತ್ತು. ನನ್ನನ್ನು ಆಡಿಸುತ್ತಿದ್ದಾರೆ ಅಂದುಕೊಂಡು ನಾನು ಅದನ್ನು ಬರೆದುಕೊಳ್ಳಲೇ ಇಲ್ಲ. ಮುಂಭಾಗದ ಮೆದುಳಿಗೆ ಶಸ್ತ್ರಚಿಕಿತ್ಸೆಯಾದವರು ಇದೇ ಪರೀಕ್ಷೆಯಲ್ಲಿ ಹಳೇ ನಿಯಮಕ್ಕೆ ಅಂಟಿಕೊಳ್ಳುತ್ತಾರೆ ಅಂತ ಮಾಂಟ್ರಿಯಲ್‌ನ ಬ್ರೆಂಡಾ ಮಿಲ್ನರ್ 1963ರಲ್ಲೇ ತೋರಿಸಿದ್ದರು. ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ. ಎದುರಿಗೆ ಬಂದು ಕೂತಾಗ ಗುರುತು ಸಿಗಲಿಲ್ಲ.

ಅಕ್ಕನ ಮಗಳಿಗೆ ಆಗ ಮೂರು ವರ್ಷ. ಮನೆಯಲ್ಲಿ ಅವಳ ಜೊತೆ ಮಕ್ಕಳ ಕಾರ್ಡಿನ ಆಟ ಆಡಿದೆ. ಮೊದಲು ಬಣ್ಣ ನೋಡಿ ಜೋಡಿಸುವುದು, ಆಮೇಲೆ ಚಿತ್ರ ನೋಡಿ. "ಈಗ ಮೊಲ ಎಲ್ಲಿ ಹೋಗ್ಬೇಕು ಪುಟ್ಟಾ?" ಅಂದರೆ ಸರಿಯಾಗಿ ತೋರಿಸಿದಳು. ಕಾರ್ಡು ಕೈಗೆ ಕೊಟ್ಟೆ, ಬಣ್ಣದ ಕಡೆಗೇ ಇಟ್ಟಳು. ಆ ವಯಸ್ಸಿನ ಬಹಳಷ್ಟು ಮಕ್ಕಳು ಹಾಗೇ. ಅವರ ಮುಂಭಾಗದ ಮೆದುಳು ಇನ್ನೂ ಬಲಿಯುತ್ತಿರುತ್ತದೆ. ಮಗುವನ್ನು ಯಾರೂ ಮೊಂಡು ಅನ್ನುವುದಿಲ್ಲ, ಅಲ್ವಾ?

ಹಳೆಯದನ್ನು ಬಿಡುವುದೆಂದರೆ ಮೆದುಳಿಗೆ ಒಂದೇ ಕೆಲಸವಲ್ಲ. ಮೊದಲು "ನಿರೀಕ್ಷಿಸಿದ್ದು ಸಿಗಲಿಲ್ಲ" ಅನ್ನುವ ಸುದ್ದಿ ಬರಬೇಕು. ಕೋತಿ ರಸ ಬರುತ್ತದೆ ಅಂತ ಕಾಯುತ್ತಿರುವಾಗ ಬಾರದಿದ್ದರೆ, ಸರಿಯಾಗಿ ಆ ಹೊತ್ತಿಗೆ ಅದರ ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುವ ಕೋಶಗಳ ಮಿಡಿತ ಕುಸಿಯುತ್ತದೆ. ಆ ಸುದ್ದಿಯನ್ನು ಇಟ್ಟುಕೊಂಡು ಹಳೇ ಅಭ್ಯಾಸ ತಡೆಯಬೇಕು, ಹೊಸದನ್ನು ಹುಡುಕಬೇಕು, ಸಿಕ್ಕಿದ್ದನ್ನು ಹಿಡಿದಿಡಬೇಕು. ಎಲ್ಲಿ ಬೇಕಾದರೂ ಕೆಡಬಹುದು. 1996ರಲ್ಲಿ ಮಾರ್ಮೊಸೆಟ್ ಕೋತಿಗಳಲ್ಲಿ ನೋಡಿದಾಗ, ಕಣ್ಣುಗುಳಿಯ ಮೇಲಿನ ಮೆದುಳು ಕೆಟ್ಟವಕ್ಕೆ ಉಲ್ಟಾ ಕಲಿಕೆ ಕಷ್ಟವಾಯಿತು. ಅಂದರೆ ನಿನ್ನೆ ಬಹುಮಾನ ಕೊಟ್ಟ ಚಿತ್ರ ಇಂದು ಕೊಡುವುದಿಲ್ಲ, ಇನ್ನೊಂದು ಕೊಡುತ್ತದೆ ಅಂತ ತಿಳಿಯುವುದು. ಪಕ್ಕದ ಭಾಗ ಕೆಟ್ಟವಕ್ಕೆ ಅದು ಬಂತು. ಆದರೆ ಆಕಾರ ಬಿಟ್ಟು ಗೆರೆಗಳನ್ನು ಗಮನಿಸು ಅಂದರೆ ಆಗಲಿಲ್ಲ.

ಈ ಪಾಠವನ್ನು ನಾನು ಟ್ರೈನಿಗಳಿಗೆ ವರ್ಷಗಟ್ಟಲೆ ಗಿಣಿಪಾಠದಂತೆ ಒಪ್ಪಿಸಿದೆ: "ಉಲ್ಟಾ ಕಲಿಕೆಗೆ ಕಣ್ಣುಗುಳಿಯ ಮೇಲಿನ ಮೆದುಳೇ ಬೇಕು." ಒಂದು ದಿನ ಒಬ್ಬ ಹುಡುಗ 2013ರ ಪ್ರಬಂಧ ಹಿಡಿದು ಬಂದ. ಮಕಾಕ್ ಕೋತಿಗಳಲ್ಲಿ ಅಲ್ಲಿನ ಕೋಶಗಳನ್ನಷ್ಟೇ ತೆಗೆದು, ಹಾದುಹೋಗುವ ನರತಂತುಗಳನ್ನು ಉಳಿಸಿದರೆ ಉಲ್ಟಾ ಕಲಿಕೆ ಕೆಡಲಿಲ್ಲವಂತೆ. ಹಾಗಾದರೆ ಹಳೆಯ ಮಕಾಕ್ ಪ್ರಯೋಗಗಳಲ್ಲಿ ಕತ್ತರಿಸಿಹೋದ ತಂತುಗಳದ್ದೇ ತೊಂದರೆ ಇದ್ದಿರಬಹುದು. "ಇರ್ಲಿ, ನೋಡೋಣ" ಅಂದೆ. ಮುಂದಿನ ಬ್ಯಾಚಿಗೂ ಹಳೇ ಸ್ಲೈಡನ್ನೇ ತೋರಿಸಿದೆ! ಟೈಲರ್ ನೆನಪಾದದ್ದು ಆಗಲೇ.

ಇಂದು ಹಾಳೆಯ ಅಂಚಿನಲ್ಲಿ ಜಾಸ್ತಿ ಬರೆಯುತ್ತೇನೆ. ಕೈ ಏನು ಮಾಡಿತು, ಬಾಯಿ ಏನು ಹೇಳಿತು. ಪಾರ್ಕಿನ್ಸನ್ಸ್ ಇರುವವರಾದರೆ ಮಾತ್ರೆ ಎಷ್ಟು ಗಂಟೆಗೆ ತಗೊಂಡರು ಅನ್ನುವುದನ್ನೂ. ಡೋಪಮೈನ್ ಹೆಚ್ಚಿಸುವ ಆ ಮಾತ್ರೆ ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವುದನ್ನು ಸಲೀಸು ಮಾಡಬಹುದು, ಉಲ್ಟಾ ಕಲಿಕೆಯನ್ನು ಕೆಡಿಸಲೂಬಹುದು. ಈ ಕಾಯಿಲೆಯಲ್ಲಿ ಡೋಪಮೈನ್ ಮೆದುಳಿನ ಎಲ್ಲ ಕಡೆ ಒಂದೇ ಸಮ ಕಮ್ಮಿಯಾಗುವುದಿಲ್ಲ; ಇನ್ನೂ ಅಷ್ಟಾಗಿ ಕಮ್ಮಿಯಾಗದ ಜಾಗಕ್ಕೆ ಅದೇ ಡೋಸು ಅತಿಯಾಗುತ್ತದೆ.

ಟೈಲರ್ ಹೆಂಡತಿಗೆ ಮೊದಲ ಸಲ ನಾನು ಹೇಳಿದ್ದು, "ನಿಧಾನಕ್ಕೆ ತಿಳಿಸಿ ಹೇಳಿ ಅಮ್ಮಾ" ಅಂತ. ಎಂಥ ದಂಡದ ಸಲಹೆ. ತಿಳಿದಿರಲಿಲ್ಲ ಅನ್ನುವುದು ಅವರ ತೊಂದರೆಯೇ ಆಗಿರಲಿಲ್ಲ. ಡಾಕ್ಟರು ಫಿಟ್ಸ್ ಮಾತ್ರೆಯನ್ನು ಬೆಳಗ್ಗೆಯಿಂದ ರಾತ್ರಿಗೆ ಬದಲಿಸಿದ್ದರು. ಇವರು ಬೆಳಗ್ಗೆ ಕನ್ನಡಿ ಪಕ್ಕದ ಡಬ್ಬಿಯಿಂದ ತಗೊಂಡುಬಿಡುತ್ತಿದ್ದರು. ರಾತ್ರಿ ಹೆಂಡತಿ ಇನ್ನೊಂದು ಕೊಡುತ್ತಿದ್ದರು. ದಿನಾ ಜಗಳ. ಎರಡನೇ ಸಲ ಬಂದಾಗ ಡಬ್ಬಿಯನ್ನೇ ಅಲ್ಲಿಂದ ತೆಗೆದು ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಹಿಂದೆ ಇಡಲು ಹೇಳಿದೆ.

ಮುಂದಿನ ತಿಂಗಳು ಆಕೆ ನಗುತ್ತಾ ಹೇಳಿದರು: "ಈಗ್ಲೂ ಬೆಳಗ್ಗೆ ಕನ್ನಡಿ ಹತ್ರ ಹೋಗಿ ಕೈ ಚಾಚ್ತಾರೆ ಮೇಡಂ. ಏನೂ ಸಿಗಲ್ಲ. ತಲೆ ಬಾಚ್ಕೊಂಡು ವಾಪಸ್ ಬರ್ತಾರೆ."