ತದಡಿಯಿಂದ ಬೈತಕೋಲಿಗೆ ದೋಣೀಲಿ, ನೆಟ್‌ವರ್ಕ್ ಹುಡುಕ್ತಾ

ಕಾರವಾರಕ್ಕೆ ಬಸ್ಸಲ್ಲಿ ಎಷ್ಟೋ ಸಲ ಹೋಗಿದೀನಿ, ನೀರಿನ ಮೇಲೆ ಹೋಗಿದ್ದು ಇದೇ ಮೊದ್ಲು. ಶಿರಸಿ ಕಡೆಯ ನಮಗೆಲ್ಲ ಸಮುದ್ರ ಅಂದ್ರೆ ದೇವಿಮನೆ ಘಟ್ಟ ಇಳ್ದು ಹೋಗಿ ಕಾಲು ನೆನೆಸ್ಕೊಂಡು ಸಂಜೆ ವಾಪಸ್ ಬರೋ ಜಾಗ. ಡಿಸೆಂಬರ್ ಕೊನೇಲಿ ಗೋಕರ್ಣದ ಹತ್ರದ ತದಡಿಯ ಗೆಳೆಯ ಫೋನ್ ಮಾಡಿ, ನಮ್ಮ ದೊಡ್ಡಪ್ಪನ ಮಗ ದೋಣೀನ ಕಾರವಾರದ ಮೀನುಗಾರಿಕೆ ಬಂದರು ಬೈತಕೋಲಿಗೆ ತಗೊಂಡು ಹೋಗ್ತಿದಾನೆ, ಅಲ್ಲಿ ಇಂಜಿನ್ ಕೆಲಸ ಇದೆ, ಜಾಗ ಇದೆ ಬರ್ತ್ಯಾ ಅಂದ. ಅವತ್ತೇ ರಾತ್ರಿ ಹೋಗಿ ಅವರ ಮನೇಲಿ ಉಳ್ಕೊಂಡೆ.

ಇಪ್ಪತ್ತೆಂಟು ಅಡಿಯ ಫೈಬರ್ ದೋಣಿ, ನಡುವೆ ಬಿಸಿಲಿಗೆ ಒಂದು ಸಣ್ಣ ಮಾಡು, ಹಿಂದೆ ಬಾವುಟ ಕಟ್ಟಿದ ಬಿದಿರು ಗಳ. ಬೆಳಗ್ಗೆ ಐದೂವರೆಗೆ ಕತ್ತಲಲ್ಲೇ ಅಣ್ಣ (ನಾನೂ ಅಣ್ಣ ಅಂತ್ಲೇ ಕರೀತಿದ್ದೆ, ಐವತ್ತು ದಾಟಿದೆ ಅವರಿಗೆ) ಡೀಸೆಲ್ ನೋಡಿದ್ರು, ಲೈಫ್ ಜಾಕೆಟ್ ಮೂರೂ ಎಣಿಸಿದ್ರು, ಆಮೇಲೆ ಫೋನು. ಸ್ಮಾರ್ಟ್‌ಫೋನ್ ಒಂದು, ಕೊರಳಿಗೆ ಹಾಕೋ ವಾಟರ್‌ಪ್ರೂಫ್ ಪೌಚಲ್ಲಿ. ಇನ್ನೊಂದು ಹಳೇ ಕೀಪ್ಯಾಡ್ ಫೋನು, ಬೇರೆ ಕಂಪನಿ ಸಿಮ್ಮು, ಫುಲ್ ಚಾರ್ಜ್ ಮಾಡಿ ಸ್ವಿಚ್ ಆಫ್ ಮಾಡಿ ಪ್ಲಾಸ್ಟಿಕ್ ಡಬ್ಬೀಲಿ ಅಕ್ಕಿ ಜೊತೆ. ಮಾಡಿನ ಒಳಗೆ ಹಲಗೆ ಮೇಲೆ ಬಿಳಿ ಪೇಂಟಲ್ಲಿ ಎರಡು ನಂಬರ್ ದೊಡ್ಡದಾಗಿ ಬರೆದಿದ್ರು, 1554 ಮತ್ತೆ 1093. ಮೊದಲ್ನೇದು ಕೋಸ್ಟ್ ಗಾರ್ಡ್, ಎರಡ್ನೇದು ಕರಾವಳಿ ಕಾವಲು ಪೊಲೀಸು. ಫೋನಲ್ಲೇ ಸೇವ್ ಮಾಡ್ಬೋದಲ್ಲ ಅಂತ ಕೇಳಿದ್ದಕ್ಕೆ, "ಫೋನ್ ಇದ್ದವನೇ ನೀರಿಗೆ ಬಿದ್ರೆ ಉಳ್ದವ್ರು ಎಲ್ಲಿ ನೋಡೂದು ತಮಾ" ಅಂದ್ರು.

ಭರತ ಇರೋವಾಗ್ಲೇ ಅಘನಾಶಿನಿ ಬಾಯಿ ದಾಟಿದ್ವಿ. ಮೂಡಗಾಳಿ ತಣ್ಣಗೆ ಬೆನ್ನಿಗೆ ಬೀಸ್ತಿತ್ತು, ಮಧ್ಯಾಹ್ನದ ಮೇಲೆ ವಾಯವ್ಯದ ಗಾಳಿ ಎದ್ರೆ ನಾವು ಹೋಗೋ ದಿಕ್ಕಿಗೆ ಎದುರಾಗ್ತದೆ, ಅದ್ಕೇ ಅಷ್ಟು ಬೇಗ ಹೊರಡೋದು. ನನ್ನ ಫೋನಲ್ಲಿ ಕಡ್ಡಿ ಫುಲ್ ಇತ್ತು. ದಡ ಅಷ್ಟು ಹತ್ರ ಕಾಣ್ತಿದೆ, ಇನ್ನೇನು ದಾರಿ ಪೂರ್ತಿ ನೆಟ್ ಸಿಗ್ತದೆ ಅಂದ್ಕೊಂಡು ಮನೆಗೆ ಒಂದು ವಿಡಿಯೋ ಕಳ್ಸಕ್ಕೆ ಹೋದೆ, ಪ್ಯಾರಡೈಸ್ ಬೀಚಿನ ಗುಡ್ಡದ ಬುಡಕ್ಕೆ ಬರ್ತಿದ್ದಂಗೆ ಎಲ್ಲಾ ಕಡ್ಡಿ ಹೋಯ್ತು, ದಡದಲ್ಲಿ ನಿಂತವ್ರ ಅಂಗಿ ಬಣ್ಣ ಕಾಣೋಷ್ಟು ಹತ್ರ ಇದೀವಿ, ನೆಟ್‌ವರ್ಕ್ ಮಾತ್ರ ಸೊನ್ನೆ. ಹಾಫ್ ಮೂನ್, ಓಂ, ಕುಡ್ಲೆ, ಅಲ್ಲೆಲ್ಲ ದಡದ ಹತ್ರ ಹೋದಾಗೆಲ್ಲ ಇದೇ ಕಥೆ.

"ಗುಡ್ಡದ ನೆರಳಲ್ಲಿದೀವಿ" ಅಂದ್ರು ಅಣ್ಣ. ಟವರ್ ಇರೋದು ಗುಡ್ಡದ ಆಚೆ ಊರಲ್ಲಿ, ಬುಡಕ್ಕೆ ಬಂದ್ರೆ ಗುಡ್ಡವೇ ಅಡ್ಡ. ಹೊರಗೆ ಹೋದಷ್ಟೂ ಗುಡ್ಡದ ತಲೆ ಮೇಲಿಂದ ಟವರ್ ಕಾಣಕ್ಕೆ ಶುರುವಾಗ್ತದೆ. ದೋಣಿ ತಿರುಗ್ಸಿ ಮೂರು ಕಿಲೋಮೀಟರ್ ಹೊರಗೆ ಹೋದ್ರು, ನಿಜವಾಗ್ಲೂ ಟಿಣ್ ಟಿಣ್ ಅಂತ ಮೆಸೇಜ್ ಎಲ್ಲ ಒಟ್ಟಿಗೆ ಬಂತು. ದಡಕ್ಕಿಂತ ದೂರ ಹೋದ್ರೆ ನೆಟ್‌ವರ್ಕ್ ಜಾಸ್ತಿ ಆಗ್ತದೆ ಅನ್ನೋದನ್ನ ನಾನು ಯಾವತ್ತೂ ಯೋಚ್ನೆ ಮಾಡಿರ್ಲಿಲ್ಲ.

ಲೆಕ್ಕ ಹಾಕಿದ್ರೆ ಸರಿಯಾಗೇ ಇದೆ. ಮೊಬೈಲ್ ಸಿಗ್ನಲ್ ಹೆಚ್ಚು ಕಮ್ಮಿ ನೇರ ಹೋಗ್ತದೆ, ಭೂಮಿ ಬಾಗಿರೋದ್ರಿಂದ ಎತ್ತರ ಇದ್ದಷ್ಟು ದೂರ ಮುಟ್ಟತ್ತೆ. ನೀರಿಂದ ಒಂದೂವರೆ ಮೀಟರ್ ಮೇಲಿರೋ ಫೋನಿಗೆ ಸುಮಾರು 5 ಕಿಲೋಮೀಟರ್ ಸಿಗ್ತದೆ, ಅದೇ ಫೋನ್ 5 ಮೀಟರ್ ಮೇಲಿದ್ರೆ 9. ದಡದಲ್ಲಿರೋ 40 ಮೀಟರ್ ಟವರಿನ ಪಾಲು 26, ಎರಡೂ ಕೂಡಿಸಿದ್ರೆ ಮುಟ್ಟೋ ದೂರ. ಅದೇ ಟವರ್ 200 ಮೀಟರ್ ಗುಡ್ಡದ ಮೇಲೆ ಇದ್ರೆ ಅದರ ಪಾಲೇ 64 ಆಗ್ತದೆ. ನಮ್ಮ ಜಿಲ್ಲೇಲಿ ಸಹ್ಯಾದ್ರಿ ಸಮುದ್ರದ ಪಕ್ಕಕ್ಕೇ ಬಂದು ನಿಂತಿದೆ, ಹಾಗಾಗಿ ಅದೇ ಗುಡ್ಡ ಒಂದ್ಕಡೆ ಅಡ್ಡ, ಇನ್ನೊಂದ್ಕಡೆ ಆಸರೆ. ಇದೆಲ್ಲ ಕಾಗದದ ಲೆಕ್ಕ, ಅಷ್ಟು ದೂರ ಮುಟ್ಟೋಷ್ಟರಲ್ಲಿ ಸಿಗ್ನಲ್ ಸೊರಗಿರ್ತದೆ, ಹಳೇ 2ಜಿ ಆದ್ರೆ 35 ಕಿಲೋಮೀಟರ್ ದಾಟಿದ ಮೇಲೆ ಟವರ್ ಎದುರಿಗಿದ್ರೂ ಸಾಮಾನ್ಯವಾಗಿ ಹಿಡಿಯಲ್ಲ. ಅಣ್ಣನಿಗೆ ಈ ಲೆಕ್ಕ ಯಾವ್ದೂ ಬೇಕಿಲ್ಲ. ಬಂಡೆ ಎಲ್ಲಿದೆ, ಮರಳು ದಿಬ್ಬ ಎಲ್ಲಿದೆ ಅಂತ ಗೊತ್ತಿರೋ ಹಾಗೇ ನೆಟ್‌ವರ್ಕ್ ಎಲ್ಲಿದೆ ಅಂತ್ಲೂ ಗೊತ್ತು.

ನೆಟ್ ಇಲ್ಲದ ಕಡೆ ಫ್ಲೈಟ್ ಮೋಡಿಗೆ ಹಾಕು ಅಂತ ನನಗೂ ಹೇಳಿದ್ರು. ಟವರ್ ಹುಡುಕ್ತಾ ಹುಡುಕ್ತಾ ಫೋನ್ ಬ್ಯಾಟರಿ ತಿಂದು ಹಾಕ್ತದೆ. ಜಿಪಿಎಸ್ ಅದ್ರಲ್ಲೂ ನಡೀತದೆ, ಅದಕ್ಕೆ ಟವರ್ ಬೇಡ, ಮ್ಯಾಪ್ ಮಾತ್ರ ಮನೇಲೇ ಡೌನ್‌ಲೋಡ್ ಮಾಡ್ಕೊಂಡು ಬಂದಿರ್ಬೇಕು.

ಗಂಗಾವಳಿ ಬಾಯಿ ದಾಟಿ ಬೇಲೆಕೇರಿ ಹಿಂದೆ ಬಿಟ್ಟಾಗ ಹತ್ತು ಗಂಟೆ. ಅಲ್ಲೀವರೆಗೂ ಅಣ್ಣ ಪದೇ ಪದೇ ಟೈಮ್ ನೋಡ್ತಿದ್ದಿದ್ದು ಯಾಕೆ ಅಂತ ಆಗ ಗೊತ್ತಾಯ್ತು. ಮಗಳು ಮಂಗಳೂರಲ್ಲಿ ಹಾಸ್ಟೆಲಲ್ಲಿದ್ದು ಓದ್ತಾಳೆ, ಪರೀಕ್ಷೆ ಫೀಸ್ ಕಟ್ಟಕ್ಕೆ ಅವತ್ತೇ ಕೊನೇ ದಿನ, ಹಿಂದಿನ ದಿನ ಎಷ್ಟು ಮಾಡಿದ್ರೂ ಪೇಮೆಂಟ್ ಆಗಿರ್ಲಿಲ್ಲ. ಬ್ಯಾಂಕ್ ಖಾತೆ ಅಪ್ಪಂದು, ನಂಬರ್ ಅಪ್ಪಂದು, ಓಟಿಪಿ ಬರೋದು ದೋಣೀಲಿರೋ ಈ ಫೋನಿಗೆ. ಅಷ್ಟರಲ್ಲಿ ಅವಳ ಫೋನ್ ಬಂತು, "ಅಪ್ಪಾ ಬಂತಾ" ಅನ್ನೋದಷ್ಟು ಕೇಳ್ತು, ಕಾಲ್ ಕಟ್.

ಅಣ್ಣ ಮಾತಾಡ್ಲಿಲ್ಲ, ದೋಣಿ ಪಡುವಣಕ್ಕೆ ತಿರುಗ್ಸಿ ಒಂದು ಮೈಲಿ ಹೊರಗೆ ತಂದು ಇಂಜಿನ್ ಆಫ್ ಮಾಡಿದ್ರು. ಒಂದು ಕಡ್ಡಿ ಬರ್ತದೆ ಹೋಗ್ತದೆ. ಬಾವುಟದ ಹಗ್ಗ ಬಿಚ್ಚಿ ಪೌಚಿನ ದಾರಕ್ಕೆ ಗಂಟು ಹಾಕಿ ಫೋನನ್ನ ಗಳದ ತುದಿಗೆ ಏರ್ಸಿದ್ರು. ಮೂರೂ ಜನ ತಲೆ ಮೇಲೆತ್ತಿ ಕೂತಿದೀವಿ, ದೋಣಿ ಅಲೆಗೆ ಓಲಾಡ್ತಿದೆ, ಫೋನ್ ಗಳಕ್ಕೆ ಟಕ್ ಟಕ್ ಅಂತ ಹೊಡೀತಿದೆ, ನೀರಿನ ಸದ್ದು ಬಿಟ್ರೆ ಏನೂ ಇಲ್ಲ. ಟಿಣ್ ಅಂತು. ಇಳ್ಸಿ ನೋಡಿದ್ರೆ ಓಟಿಪಿ ಬಂದಿದೆ, ಆದ್ರೆ ಅದರ ಟೈಮ್ ಆಗ್ಲೇ ಮುಗ್ದಿದೆ. ಟೈಮ್ ಇದ್ದಿದ್ರೂ ಕೆಳಗೆ ಇಳ್ಸಿದ ತಕ್ಷಣ ಕಡ್ಡಿ ಇಲ್ಲ, ಹೇಳೋದು ಹೇಗೆ?

ಆಗ ಗೆಳೆಯನಿಗೆ ಹೊಳೀತು. ವಾಟ್ಸಾಪಲ್ಲಿ "10:40ಕ್ಕೆ ಸರಿಯಾಗಿ ಒತ್ತು, ನಂಬರ್ ಇಲ್ಲೇ ಕಳಿಸ್ತೀವಿ" ಅಂತ ಟೈಪ್ ಮಾಡಿ ಸೆಂಡ್ ಒತ್ತಿ ಮೇಲೆ ಏರ್ಸಿದ, ಮೇಲೆ ಸಿಗ್ನಲ್ ಸಿಕ್ಕ ಕೂಡ್ಲೇ ಅದಾಗೇ ಹೋಗ್ತದೆ. 10:40ಕ್ಕೆ ಫೋನ್ ಗಳದ ತುದೀಲೇ ಇತ್ತು. ಟಿಣ್. ಇಳ್ಸಿ, ಅಣ್ಣ ಆರು ಅಂಕಿ ಒಂದೊಂದಾಗಿ ಓದಿದ್ರು, ಬೆರಳು ಉಪ್ಪುನೀರಲ್ಲಿ ನೆಂದಿದ್ರಿಂದ ಸ್ಕ್ರೀನ್ ಹಿಡೀತಿರ್ಲಿಲ್ಲ, ನನ್ನ ಅಂಗಿಗೆ ಒರೆಸ್ಕೊಂಡು ನಾನು ಟೈಪ್ ಮಾಡಿದೆ, ಮತ್ತೆ ಏರ್ಸಿದ್ವಿ. ಐದು ನಿಮಿಷ ಬಿಟ್ಟು ಇಳ್ಸಿದಾಗ "ಆಯ್ತು ಅಪ್ಪಾ, ರಶೀದಿ ಬಂತು" ಅಂತ ಇತ್ತು. ಅಣ್ಣ ಅದನ್ನ ಎರಡು ಸಲ ಓದಿ, ಫೋನ್ ಎದೆಗೆ ಹಾಕ್ಕೊಂಡು, ನಮಗೆ ಬೆನ್ನು ಮಾಡಿ ಇಂಜಿನ್ ಶುರು ಮಾಡಿದ್ರು.

ಮೀನುಗಾರರ ಮನೆಗಳಲ್ಲಿ ಗ್ಯಾಸು, ರೇಷನ್ನು, ಮಕ್ಕಳ ಸ್ಕಾಲರ್‌ಶಿಪ್ಪು ಎಲ್ಲಾ ಅಪ್ಪನ ನಂಬರಿಗೇ ಇರೋದು, ಆ ಅಪ್ಪ ದಿನದ ಅರ್ಧ ಟವರ್ ಇಲ್ಲದ ಕಡೆ ಇರ್ತಾನೆ. ಹೆಂಡತಿ ನಂಬರಿಗೂ ಓಟಿಪಿ ಬರೋ ಹಾಗೆ ಮಾಡಿದ್ರೆ ಎಷ್ಟು ಮನೆಗಳ ಸಂಕಟ ತಪ್ತದೆ ಅಂತ ನನಗೆ ಗಟ್ಟಿಯಾಗಿ ಅನ್ನಿಸ್ತು.

ಮುಂದೆ ಅರಗಾ, ಬಿಣಗಾ ಕಡೆ ಕದಂಬ ನೌಕಾನೆಲೆ. ಹತ್ರ ಹೋಗೂಹಾಗಿಲ್ಲ, ಫೋಟೋನೂ ತೆಗೆಯೂಹಾಗಿಲ್ಲ, ನಾವು ಅಂಜುದೀವ್ ದ್ವೀಪನ ಬಲಕ್ಕೆ ದೂರ ಬಿಟ್ಟು ಹೊರಗಿಂದ ಸುತ್ತಿ ಹೋದ್ವಿ. ಅಲ್ಲಿ ನನ್ನ ಫೋನಿಗೆ ಗೋವಾಕ್ಕೆ ಸ್ವಾಗತ ಅಂತ ಮೆಸೇಜ್ ಬಂತು, ಆ ಕಡೆ ಟವರ್ ಹಿಡಿದಿತ್ತು.

ಇನ್ನೂ ಆಳಕ್ಕೆ ಹೋದಾಗ ಏನ್ ಮಾಡ್ತೀರಿ ಅಂತ ಕೇಳಿದೆ. ಮಾಡಿನ ಮೇಲೆ ಕೂರ್ಸಿದ್ದ ಬಿಳಿ ಡಬ್ಬಿ ತೋರ್ಸಿದ್ರು. ಟ್ರಾನ್ಸ್‌ಪಾಂಡರ್, ಇಸ್ರೋ ಉಪಗ್ರಹದ ಮೂಲಕ ಕೆಲಸ ಮಾಡೋದು. 2024ರ ಆಗಸ್ಟಲ್ಲಿ ಕೇಂದ್ರ ಸರ್ಕಾರ 13 ಕರಾವಳಿ ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ ಒಂದು ಲಕ್ಷ ದೋಣಿಗಳಿಗೆ ಪುಕ್ಕಟೆ ಕೊಡೋ ಯೋಜನೆ ಶುರು ಮಾಡ್ತಲ್ಲ, ಅದೇ. ಬ್ಲೂಟೂತಲ್ಲಿ ಫೋನಿನ ನಭಮಿತ್ರ ಆ್ಯಪಿಗೆ ಜೋಡಿಸ್ಕೊಂಡ್ರೆ ಚಿಕ್ಕ ಮೆಸೇಜ್ ಕಳ್ಸಬೋದು, ಹವಾಮಾನದ ಎಚ್ಚರಿಕೆ ಬರ್ತದೆ, ಅಪಾಯ ಆದ್ರೆ ಎಸ್ಓಎಸ್ ಒತ್ತಬೋದು. ಮಾತಾಡಕ್ಕಾಗಲ್ಲ. ಮಾತಿಗೆ ವಿಎಚ್ಎಫ್ ರೇಡಿಯೋ ಸೆಟ್ ಇದೆ, ಅಪಾಯದ ಕರೆಗೆ ಚಾನೆಲ್ 16, ಅದನ್ನ ಸುತ್ತ ಇರೋ ದೋಣಿ ಹಡಗು ಎಲ್ಲ ಕೇಳ್ತವೆ, ಫೋನಲ್ಲಿ ಒಬ್ಬನಿಗೆ ಮಾತ್ರ ಕೇಳೋದು. ಒಂದು ಮಾತು, ಹೊರದೇಶದಿಂದ ಥುರಾಯಾ, ಇರಿಡಿಯಂ ಸ್ಯಾಟಲೈಟ್ ಫೋನ್ ತಂದು ದೋಣೀಲಿ ಇಟ್ಕೊಳ್ಳೋ ಯೋಚ್ನೆ ಯಾರಿಗಾದ್ರೂ ಇದ್ರೆ ದಯವಿಟ್ಟು ಬೇಡ, ನಮ್ಮಲ್ಲಿ ಲೈಸೆನ್ಸ್ ಇಲ್ದೆ ಅದು ಅಪರಾಧ, ಜೈಲಿಗೆ ಹೋಗ್ಬೇಕಾಗ್ತದೆ.

ಡಬ್ಬಿ ಬಗ್ಗೆ ಹೇಳ್ತಾ ಅಣ್ಣ ಸುವರ್ಣ ತ್ರಿಭುಜದ ಮಾತು ತೆಗೆದ್ರು. 2018ರ ಡಿಸೆಂಬರಲ್ಲಿ ಮಲ್ಪೆಯಿಂದ ಹೋದ ಬೋಟು, ಏಳು ಜನ, ನಮ್ಮ ಜಿಲ್ಲೆಯವ್ರೂ ಇದ್ರು. ಸಂಪರ್ಕ ತಪ್ತು, ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ ಹತ್ರ ಸಮುದ್ರದ ತಳದಲ್ಲಿ. ನಾಲ್ಕು ತಿಂಗಳ ಮೇಲೆ ಆ ಮನೆಯವ್ರು ಫೋನ್ ನೋಡ್ತಾ ಕೂತಿದ್ರು. ಅಣ್ಣನ ಹೆಂಡತಿ ಆಗಿಂದ ಒಂದು ಪದ್ಧತಿ ಮಾಡಿದಾರೆ, ಹೋಗೋವಾಗ ಒಂದು, ಬರೋವಾಗ ಒಂದು ಮಿಸ್ಡ್ ಕಾಲ್, ಗೊತ್ತು ಮಾಡಿದ ಜಾಗದಿಂದ. ಹೇಳಿದ ಹೊತ್ತಿಗೆ ಎರಡು ತಾಸು ದಾಟಿದ್ರೆ ಅವರು ಬೇರೆ ಯಾರನ್ನೂ ಕೇಳಲ್ಲ, ಸೀದಾ 1093ಕ್ಕೆ ಮಾಡೋದು.

ಕಾರವಾರದ ಎದುರಿನ ದೇವಗಡ ದ್ವೀಪದ ಲೈಟ್‌ಹೌಸ್ ಕಂಡಾಗ ಹನ್ನೆರಡೂಕಾಲು. ಆಯ್‌ಸ್ಟರ್ ರಾಕ್ ಅಂತ ಬ್ರಿಟಿಷರು 1864ರಲ್ಲಿ ಕಟ್ಟಿದ್ದು, ಈಗ್ಲೂ ಉರೀತದೆ. ಅದರ ಪಕ್ಕ ಹಾದು ಬೈತಕೋಲಿಗೆ ತಿರುಗೋಷ್ಟರಲ್ಲಿ ವಾಯವ್ಯದ ಗಾಳಿ ಎದ್ದಿತ್ತು, ಎಲ್ಲರ ಬಟ್ಟೆನೂ ನೆಂದಿತ್ತು.

ದಡ ಹತ್ತಿದ ಮೇಲೆ ಅಣ್ಣ ಮೊದ್ಲು ಮಾಡಿದ್ದು ಪೌಚನ್ನ ಸಿಹಿನೀರಲ್ಲಿ ತೊಳ್ದಿದ್ದು. ಚಾರ್ಜಿಂಗ್ ತೂತಿಗೆ ಉಪ್ಪು ಹೋದ್ರೆ ಹಸಿರು ಕಟ್ಟಿ ಹಾಳಾಗ್ತದೆ, ಒಣಗೋವರೆಗೂ ಪಿನ್ ಹಾಕ್ಬೇಡ ಅಂತ ನನಗೂ ಹೇಳಿದ್ರು. ಆಮೇಲೆ ಬಂದರದ ಚಾ ಅಂಗಡೀಲಿ ಕೂತು ನಾನು ದಾರೀಲಿ ನೆಟ್‌ವರ್ಕ್ ಸಿಕ್ಕ ಜಾಗ ಎಲ್ಲ ಒಂದು ಹಾಳೇಲಿ ಗುರುತು ಹಾಕ್ತಿದ್ದೆ. ಅಣ್ಣ ಪೆನ್ ತಗೊಂಡು ಬೇಲೆಕೇರಿ ಎದುರಿನ ನನ್ನ ಗುರುತು ಹೊಡೆದು ಹಾಕಿ, ಅದಕ್ಕಿಂತ ಬೆರಳಷ್ಟು ಪಡುವಣಕ್ಕೆ ಹೊಸ ಚುಕ್ಕಿ ಇಟ್ರು. "ಮಳೆಗಾಲ ಮುಗ್ದ ಮೇಲೆ ಇಲ್ಲಿ. ಏಪ್ರಿಲ್ಲಲ್ಲಿ ಮತ್ತೆ ಕೇಳು, ಆಗ ಬೇರೆ ಹೇಳ್ತೆ."