ಕಬ್ರೇರಾ ಕಡಲಲ್ಲಿ ಲಂಗರಿಗಿಂತ ಸರಪಳಿಯದೇ ಹಾವಳಿ

ಸ್ಪೇನಿನ ಮಯೋರ್ಕಾದ ದಕ್ಷಿಣಕ್ಕಿರುವ ಕಬ್ರೇರಾ ದ್ವೀಪಸಮೂಹ 1991ರಿಂದ ರಾಷ್ಟ್ರೀಯ ಉದ್ಯಾನ. 2019ರಲ್ಲಿ ಅದು 90,000 ಹೆಕ್ಟೇರಿಗೂ ಮೀರಿ ಹಿಗ್ಗಿತು, ಬಹುಪಾಲು ಕಡಲೇ. ಸ್ವಂತ ದೋಣಿಯಲ್ಲಿ ಬರುವವರು ಮೊದಲೇ ಪರವಾನಗಿ ಪಡೆಯಬೇಕು. ರಾತ್ರಿ ತಂಗುವುದಾದರೆ ಬಂದರಿನ ಬೋಯ್‌ಗೇ (ಕಡಲ ತಳಕ್ಕೆ ಬಿಗಿದ, ದೋಣಿ ಕಟ್ಟುವ ತೇಲುಗುಂಡು) ಕಟ್ಟಬೇಕು, ಲಂಗರು ಹಾಕುವಂತಿಲ್ಲ.

ಇದೆಲ್ಲ ಪೊಸಿಡೋನಿಯಾ ಎಂಬ ಕಡಲಹುಲ್ಲಿಗಾಗಿ. ಇದು ಪಾಚಿಯಲ್ಲ, ಬೇರು ಬಿಟ್ಟು ಹೂವಾಗುವ ಗಿಡ. ನೀರು ತಿಳಿಯಿದ್ದರೆ ಸುಮಾರು 40 ಮೀಟರ್ ಆಳದವರೆಗೂ ಬೆಳೆಯುತ್ತದೆ, ಆದರೆ ಅಡ್ಡಕ್ಕೆ ಹಬ್ಬುವುದು ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಕಿತ್ತುಹೋದ ಜಾಗ ತುಂಬಲು ದಶಕಗಳು ಬೇಕು.

ಹೊಸಬರು ಲಂಗರಿನ ಕೊಕ್ಕೆಗಷ್ಟೇ ಹೆದರುತ್ತಾರೆ. ಕೊಕ್ಕೆ ಒಂದು ಗುಂಡಿ ತೋಡುತ್ತದೆ, ಅಷ್ಟೆ. ಸರಪಳಿಯ ಲೆಕ್ಕ ಬೇರೆ. ದೋಣಿ ನಿಲ್ಲಲು ಆಳದ ಐದು ಪಟ್ಟು ಸರಪಳಿ ಬಿಟ್ಟರೆ, 8 ಮೀಟರ್ ಆಳಕ್ಕೆ 40 ಮೀಟರ್ ಸರಪಳಿ. ಗಾಳಿ ದಿಕ್ಕು ಬದಲಿಸಿದಂತೆಲ್ಲ ಅದು ನೆಲದ ಮೇಲೆ ಪೊರಕೆಯಂತೆ ಗುಡಿಸುತ್ತದೆ. ಮರಳಿನಲ್ಲಿ ಲಂಗರು ಹಾಕಲು ಅನುಮತಿಯಿರುವ ಕಡೆಯೂ ಕೊಕ್ಕೆ ಬಿದ್ದ ಜಾಗವನ್ನಷ್ಟೇ ನೋಡಿದರೆ ಸಾಲದು, ಸರಪಳಿ ತಿರುಗುವ ಇಡೀ ವೃತ್ತ ಮರಳಾಗಿರಬೇಕು. ಮೇಲಿನಿಂದ ಮರಳು ತಿಳಿನೀಲಿ, ಹುಲ್ಲು ಕಪ್ಪು ಕಲೆ. ಇಳಿಬಿಸಿಲಲ್ಲಿ ನೀರು ಹೊಳೆದು ಈ ವ್ಯತ್ಯಾಸ ಕಾಣದು, ಹಾಗಾಗಿ ಸೂರ್ಯ ಮೇಲಿದ್ದಾಗಲೇ ಜಾಗ ಹುಡುಕಿ.

ಹುಲ್ಲಿಗೆ ಹಾನಿ ಮಾಡದ ಬೋಯ್‌ನ ಮರ್ಮ ನೀರಿನ ನಡುವೆ ಇದೆ. ನೆಲಕ್ಕೆ ತಿರುಪಿನಂತೆ ಇಳಿಸಿದ ಉಕ್ಕಿನ ಲಂಗರು, ಅದರಿಂದ ಮೇಲೆದ್ದ ಹಗ್ಗ, ಹಗ್ಗವನ್ನು ಸದಾ ಎತ್ತಿಹಿಡಿಯುವ ಇನ್ನೊಂದು ಚಿಕ್ಕ ತೇಲು. ಈ ಚಿಕ್ಕ ತೇಲಿಗೆ ಚಿಪ್ಪುಜೀವಿಗಳು ಅಂಟಿ ಭಾರವಾದರೆ ಹಗ್ಗ ಕುಸಿದು ಹುಲ್ಲನ್ನು ಉಜ್ಜತೊಡಗುತ್ತದೆ. ಮೇಲಿನ ಬೋಯ್ ಮಾತ್ರ ಚೆನ್ನಾಗಿಯೇ ತೇಲುತ್ತಿರುತ್ತದೆ, ಮುಳುಗಿ ನೋಡದೆ ಗೊತ್ತೇ ಆಗದು. ಶ್ಯಾಕಲ್‌ನ (ಸರಪಳಿ, ಹಗ್ಗಗಳನ್ನು ಜೋಡಿಸುವ U ಆಕಾರದ ಲೋಹದ ತುಂಡು) ಪಿನ್ನಿಗೆ ತಂತಿ ಸುತ್ತಿ ಬಿಗಿಯಿರಿ, ಇಲ್ಲವಾದರೆ ಅಲೆಯ ಅಲುಗಾಟಕ್ಕೆ ಬಿಚ್ಚಿಕೊಳ್ಳುತ್ತದೆ. ಸತು ಲೇಪಿಸಿದ ಸರಪಳಿಗೆ ಸ್ಟೇನ್‌ಲೆಸ್ ಶ್ಯಾಕಲ್ ಹಾಕಲೇಬೇಡಿ: ಉಪ್ಪುನೀರಲ್ಲಿ ಅವೆರಡು ತಾಗಿದಲ್ಲಿ ಮೊದಲು ಸತು, ಆಮೇಲೆ ಸರಪಳಿಯ ಕೊಂಡಿಯೇ ಸವೆಯುತ್ತದೆ.

ಕಬ್ರೇರಾದಲ್ಲಿ ಬೋಯ್‌ನ ಬಣ್ಣ ದೋಣಿಯ ಉದ್ದಕ್ಕೆ ತಕ್ಕಂತೆ, ಚಿಕ್ಕವಕ್ಕೆ ಬಿಳಿ, ದೊಡ್ಡವಕ್ಕೆ ಕೆಂಪು. ಒಂದೇ ಬೋಯ್‌ಗೆ ಎರಡು ದೋಣಿ ಬೇಡ. ಗಾಳಿಗೆ ಎದುರಾಗಿ ನಿಧಾನ ಬನ್ನಿ, ನಿಮ್ಮದೇ ಹಗ್ಗವನ್ನು ಬೋಯ್‌ನ ಬಳೆಯೊಳಗೆ ತೂರಿಸಿ ದೋಣಿಯ ಮೂತಿಗೆ ಕಟ್ಟಿ. ಹಗ್ಗ ತೀರ ಗಿಡ್ಡವಾದರೆ ಪ್ರತಿ ಅಲೆಗೂ ಜಗ್ಗಿ ಬಳೆ ಸವೆಯುತ್ತದೆ.