ಸನ್ನಿಸೈಡ್ ಮನೆಯಲ್ಲಿ ಅಪ್ಪನೊಡನೆ

ಮಡಿಕೇರಿಯ ‘ಸನ್ನಿಸೈಡ್’ ಮನೆಯ ಮೆಟ್ಟಿಲ ಬಳಿ ಅಪ್ಪ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಮಳೆ ಆಗಷ್ಟೇ ಬಿಟ್ಟಿತ್ತು. ಸೂರಿನ ಅಂಚಿನಿಂದ ಹನಿಗಳು ಇನ್ನೂ ತೊಟ್ಟಿಕ್ಕುತ್ತಿದ್ದವು. “ಲೈಸೆನ್ಸ್ ಮಾಡಿಸುವುದಕ್ಕೆ ಇಲ್ಲಿಗೆ ಒಮ್ಮೆ ಬಂದಿದ್ದೆ ಕಣಮ್ಮ” ಎಂದರು. ಜನರಲ್ ಕೆ.ಎಸ್. ತಿಮ್ಮಯ್ಯನವರು ಬಾಲ್ಯ ಕಳೆದ ಈ ಮನೆಯಲ್ಲಿ ಬಹಳ ವರ್ಷ ಆರ್‌ಟಿಒ ಕಚೇರಿ ನಡೆಯುತ್ತಿತ್ತು; 2021ರ ಫೆಬ್ರವರಿಯಲ್ಲಿ ಇದು ಅವರ ಸ್ಮಾರಕ ವಸ್ತುಸಂಗ್ರಹಾಲಯವಾಗಿ ಉದ್ಘಾಟನೆಯಾಯಿತು. ಸೇನೆಯಿಂದ ನಿವೃತ್ತರಾಗಿ ಊರಿಗೆ ಬಂದ ಹೊಸದರಲ್ಲಿ ಅರ್ಜಿ ಹಿಡಿದು ಸಾಲಿನಲ್ಲಿ ನಿಂತಿದ್ದ ಅಪ್ಪನಿಗೆ ಅದು ಯಾರ ಮನೆಯೆಂದು ಯಾರೂ ಹೇಳಿರಲಿಲ್ಲ.

ಅಪ್ಪ ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರರಾಗಿದ್ದವರು. ದಂಡನಾಯಕನನ್ನು ರೂಪಿಸುವುದು ತರಬೇತಿಯೋ ಮನೆಯೋ ಎಂಬ ನನ್ನ ಹಳೆಯ ಪ್ರಶ್ನೆಯನ್ನು ಅಂದು ಅವರ ಮುಂದಿಟ್ಟೆ. ಗಂಡುಮಗು ಹುಟ್ಟಿದರೆ ಕೋವಿ ಹಾರಿಸಿ, ಹರಳುಗಿಡದ ಕಡ್ಡಿಯಿಂದ ಪುಟ್ಟ ಬಿಲ್ಲುಬಾಣ ಮಾಡಿ ಅದರ ಕೈಗೆ ಮುಟ್ಟಿಸುವ ಸಂಪ್ರದಾಯವಿದ್ದ ಕೊಡವರಲ್ಲಿ 1906ರಲ್ಲಿ ಹುಟ್ಟಿದ ಹುಡುಗ, ಸಮಾಜಸೇವೆಗಾಗಿ ಬ್ರಿಟಿಷ್ ಸರ್ಕಾರದ ಕೈಸರ್-ಎ-ಹಿಂದ್ ಪದಕ ಪಡೆದ ತಾಯಿಯ ಮಗ, ಕೂನೂರು ಮತ್ತು ಬೆಂಗಳೂರಿನ ಶಿಸ್ತಿನ ಶಾಲೆಗಳಲ್ಲಿ ಓದಿ ಡೆಹ್ರಾಡೂನ್, ಸ್ಯಾಂಡ್‌ಹರ್ಸ್ಟ್‌ ಸೈನಿಕ ಶಾಲೆಗಳನ್ನು ದಾಟಿ 1926ರಲ್ಲಿ ಅಧಿಕಾರಿಯಾದ ತಿಮ್ಮಯ್ಯನವರು ಸೇನಾ ಮುಖ್ಯಸ್ಥರಾದದ್ದು ಸಹಜವೇ ಎಂದು ನನಗೆ ಅನಿಸುತ್ತಿತ್ತು. ಅಪ್ಪ ಅದನ್ನು ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಅದೇ ತಾಯಿ ಬೆಳೆಸಿದ ಅಣ್ಣ ಪೊನ್ನಪ್ಪನವರು ನೇತಾಜಿಯವರ ಆಜಾದ್ ಹಿಂದ್ ಫೌಜಿಗೆ ಸೇರಿದರು, ತಮ್ಮ ತಿಮ್ಮಯ್ಯನವರು ಬ್ರಿಟಿಷರ ಭಾರತೀಯ ಸೇನೆಯಲ್ಲೇ ಉಳಿದು ಬರ್ಮಾದಲ್ಲಿ ಬ್ರಿಗೇಡನ್ನು ಮುನ್ನಡೆಸಿದರು ಎಂಬುದನ್ನು ನೆನಪಿಸಿ, “ಯಾವ ದಾರಿ ಹಿಡಿಯಬೇಕೆಂದು ಮನೆ ಹೇಳಿಕೊಡುವುದಿಲ್ಲ. ಹಿಡಿದ ದಾರಿಯಲ್ಲಿ ಹೇಗೆ ನಡೆಯಬೇಕೆಂದು ಕಲಿಸುತ್ತದೆ, ಅಷ್ಟೆ” ಎಂದರು.

ಕಾಶ್ಮೀರದಿಂದ ಲಡಾಖಿಗೆ ಹೋಗುವ ದಾರಿಯ ಜೊಜಿಲಾ ಕಣಿವೆಯ ಮಾತು ಬಂದಾಗ ಅಪ್ಪನ ದನಿ ಬದಲಾಯಿತು. ಅದು ಅವರ ರೆಜಿಮೆಂಟಿನ ಕಥೆಯೂ ಹೌದು. 1948ರಲ್ಲಿ, ಪಾಕಿಸ್ತಾನದೊಡನೆ ನಡೆದ ಯುದ್ಧದಲ್ಲಿ, ಕಾಲಾಳುಗಳ ದಾಳಿ ಫಲಿಸದೆ ಹೋದಾಗ, ಬಾಲ್ತಾಲ್‌ನಿಂದ ಮೇಲಕ್ಕೆ ಹೇಸರಗತ್ತೆಗಳಷ್ಟೇ ನಡೆಯುತ್ತಿದ್ದ ಹಾದಿಯನ್ನು ಮದ್ರಾಸ್ ಸ್ಯಾಪರ್ಸ್‌ನವರು ಟ್ಯಾಂಕ್ ಹೋಗುವಷ್ಟು ಅಗಲಗೊಳಿಸಿದರು. ತೋಪಿನ ಗೋಪುರಗಳನ್ನು ಬಿಚ್ಚಿ, ಗುರುತು ಸಿಗದಂತೆ ಹೊದಿಸಿ ಶ್ರೀನಗರದ ಕಡೆಯಿಂದ ಗುಟ್ಟಾಗಿ ತಂದಿದ್ದ ಸ್ಟುಅರ್ಟ್ ಟ್ಯಾಂಕುಗಳು ನವೆಂಬರ್ 1ರಂದು, ಹನ್ನೊಂದು ಸಾವಿರ ಅಡಿಗೂ ಮೀರಿದ ಎತ್ತರದಲ್ಲಿ, ಕಣಿವೆಯೊಳಗೆ ನುಗ್ಗಿದವು. ಆಗ ಮೇಜರ್ ಜನರಲ್ ಆಗಿದ್ದ, ಹಿಂಬದಿಯ ಠಾಣೆಯಲ್ಲಿ ಕುಳಿತು ನಕ್ಷೆ ನೋಡುತ್ತಿದ್ದರೂ ಯಾರೂ ತಪ್ಪೆನ್ನದಿದ್ದ ತಿಮ್ಮಯ್ಯನವರು ಮುಂಚೂಣಿಯ ಟ್ಯಾಂಕಿನಲ್ಲಿದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ಲೇಹ್‌ಗೆ ಮೊದಲ ಡಕೋಟಾ ವಿಮಾನ ಹಾರಿದಾಗಲೂ, ವಾಯುಪಡೆಯ ಅಧಿಕಾರಿ ಮೆಹರ್ ಸಿಂಗರ ಜೊತೆ ಅವರು ಹೋಗಿದ್ದರು. ಬೇರೆಯವರನ್ನು ಕಳುಹಿಸುವ ಜಾಗಕ್ಕೆ ಮೊದಲು ತಾನು ಹೋಗುವ ಈ ಗುಣವನ್ನು ಯಾವ ಅಕಾಡೆಮಿಯೂ ಪಾಠ ಮಾಡಿ ಬರಿಸಲಾರದು ಎಂದು ನಾನು ನಂಬುತ್ತೇನೆ.

ಕೊನೆಯ ಕೋಣೆಯಿಂದ ಹೊರಬಂದು ಬೆಂಚಿನ ಮೇಲೆ ಕುಳಿತಾಗ ಅಪ್ಪ ತಮ್ಮ ಕ್ಯಾಪ್ಟನ್ ಸಾಹೇಬರೊಬ್ಬರ ವಿಷಯ ಹೇಳಿದರು. ಹಿಮದ ಠಾಣೆಯೊಂದರಲ್ಲಿ ಆ ಯುವಕ ಪ್ರತಿ ರಾತ್ರಿ ಟಾರ್ಚ್ ಹಿಡಿದು ಬಂಕರಿನಿಂದ ಬಂಕರಿಗೆ ಹೋಗಿ, ಮಂಡಿಯೂರಿ ಕುಳಿತು, ಒಬ್ಬೊಬ್ಬ ಜವಾನನ ಕಾಲ್ಬೆರಳುಗಳನ್ನೂ ಬಿಡಿಸಿ ನೋಡಿದ ಮೇಲೆಯೇ ಊಟಕ್ಕೆ ಕೂರುತ್ತಿದ್ದರಂತೆ. ಒಂದು ರಾತ್ರಿ, ತನ್ನನ್ನು ಕೆಳಗೆ ಕಳುಹಿಸಿಬಿಡುತ್ತಾರೆಂದು ಹೆದರಿ ಜವಾನನೊಬ್ಬ ಎಡಗಾಲನ್ನು ಕಂಬಳಿಯೊಳಗೆ ಮುಚ್ಚಿಟ್ಟುಕೊಂಡಿದ್ದ. ಸಾಹೇಬರು ತಾವೇ ಕಾಲುಚೀಲ ಕಳಚಿ, ಮರಗಟ್ಟಿದ ಪಾದವನ್ನು ತಮ್ಮ ಜಾಕೆಟ್ಟಿನೊಳಗೆ ಹೊಟ್ಟೆಗೆ ಒತ್ತಿಕೊಂಡು ಬಹಳ ಹೊತ್ತು ಹಾಗೆಯೇ ಕುಳಿತಿದ್ದರು. ತಟ್ಟೆಯಲ್ಲಿ ಹಾಕಿಟ್ಟ ಅನ್ನ ಗಟ್ಟಿಯಾಗಿಹೋಯಿತು. ಇದನ್ನು ಎಲ್ಲಿ ಕಲಿತಿರಿ ಎಂದು ಅಪ್ಪ ಧೈರ್ಯ ಮಾಡಿ ಕೇಳಿದ್ದಕ್ಕೆ, ಕೊಟ್ಟಿಗೆಯ ದನಗಳಿಗೆ ಹುಲ್ಲು ಹಾಕದೆ ತಮ್ಮ ತಾಯಿ ಎಂದೂ ಊಟಕ್ಕೆ ಕೂತವರಲ್ಲ ಎಂದಷ್ಟೇ ಹೇಳಿದರಂತೆ.

“ಆ ಕಾಲು ಏನಾಯಿತಪ್ಪ?” ಎಂದು ಕೇಳಿದೆ.

“ಎರಡು ಬೆರಳು ಹೋದವು. ಕಾಲು ಉಳಿಯಿತು. ಪ್ರತಿ ಮುಂಗಾರಿಗೂ ನಾಟಿ ಶುರುವಾದ ದಿನ ಫೋನ್ ಮಾಡುತ್ತಾನೆ” ಎಂದು ಅಪ್ಪ ಹೇಳಿ, ಶೂಗಳ ಲೇಸನ್ನು ಬಿಗಿದುಕೊಂಡು ಎದ್ದರು.